ಮಡಿ ರೇಡಿಯೋ

ಅಮೆರಿಕದಲ್ಲಿ ಕೆಟ್ಟ ಮಾತಿಗೂ ಟೈಮ್‌ಟೇಬಲ್ ಇದೆ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಎಎಂ, ಎಫ್ಎಂ ರೇಡಿಯೋದಲ್ಲಿ ಅಸಭ್ಯವಾಗಿ ಮಾತಾಡಿದರೆ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, ದಂಡ ಹಾಕಬಹುದು. ರಾತ್ರಿ 10 ಹೊಡೆದ ಮೇಲೆ ಬೆಳಗಿನ 6ರವರೆಗೆ ಪರವಾಗಿಲ್ಲ. ಆ ಎಂಟು ಗಂಟೆಗೆ ‘ಸೇಫ್ ಹಾರ್ಬರ್’ ಎಂದು ಹೆಸರು. ಅಷ್ಟು ಹೊತ್ತಿಗೆ ಮಕ್ಕಳೆಲ್ಲ ಮಲಗಿರುತ್ತಾರೆ ಎಂಬುದು ಇದರ ಹಿಂದಿನ ನಂಬಿಕೆ. ಹಾಗೆ ನಂಬಿದವರು ನಮ್ಮ ಮನೆಗೆ ಬಂದಿಲ್ಲ. ನಮ್ಮ ಮನೆಯಲ್ಲಿ ರಾತ್ರಿ 10ಕ್ಕೆ ಮಲಗುವ ಏಕೈಕ ಮಗು ನಾನು. ಮಗಳಿಗೆ ನಾಳೆ ಕೊಡಬೇಕಾದ ಪ್ರಾಜೆಕ್ಟ್ ಆಗಷ್ಟೇ ನೆನಪಾಗಿರುತ್ತದೆ. ಹೆಂಡತಿ ಬೆಂಗಳೂರಿನ ಆಫೀಸಿನವರ ಜೊತೆ ಮೀಟಿಂಗಿನಲ್ಲಿರುತ್ತಾಳೆ. ಊರಿಂದ ಬಂದಿರುವ ಅಮ್ಮ ಜೆಟ್‌ಲ್ಯಾಗ್ ನೆಪದಲ್ಲಿ ಧಾರಾವಾಹಿ ನೋಡುತ್ತಿರುತ್ತಾಳೆ.

ಇಂಥ ವಿಷಯ ನನಗೆ ಗೊತ್ತಿರುವುದಕ್ಕೆ ಕಾರಣ ಜ್ಞಾನದಾಹವಲ್ಲ, ಭಯ. ಹನ್ನೊಂದು ವರ್ಷದ ಮಗಳಿರುವ ಅಪ್ಪನಿಗೆ ಯಾವ ಪ್ರಶ್ನೆ ಯಾವ ಕಡೆಯಿಂದ ಬಂದು ಬಡಿಯುತ್ತದೋ ಹೇಳಲಾಗದು. ಗೊತ್ತಿಲ್ಲ ಅನ್ನುವ ಅಭ್ಯಾಸ ನನಗಿಲ್ಲದ್ದರಿಂದ ಮೊದಲೇ ಓದಿಟ್ಟುಕೊಂಡಿರುತ್ತೇನೆ. ತೊಂದರೆ ಏನೆಂದರೆ, ನನ್ನ ಉತ್ತರ ಶುರುವಾಗುತ್ತಿದ್ದ ಹಾಗೆ ಮನೆಯವರು ಒಬ್ಬೊಬ್ಬರಾಗಿ ಬೇರೆ ರೂಮಿಗೆ ಎದ್ದು ಹೋಗುತ್ತಾರೆ. ಆದ್ದರಿಂದಲೇ ನನಗೆ ಕಾರೆಂದರೆ ಪ್ರಾಣ. 287ನೇ ಹೈವೇಯಲ್ಲಿ ಅರವತ್ತೈದು ಮೈಲಿ ಸ್ಪೀಡಿನಲ್ಲಿ ಹೋಗುವಾಗ ಯಾರೂ ಎದ್ದು ಹೋಗಲಾರರು.

ಶನಿವಾರ ಎಡಿಸನ್‌ನಿಂದ ಬ್ರಿಜ್‌ವಾಟರಿನ ವೆಂಕಟೇಶ್ವರ ದೇವಸ್ಥಾನಕ್ಕೆ ಹೊರಟಿದ್ದೆವು. ಹೆಂಡತಿ ಡ್ರೈವ್ ಮಾಡುತ್ತಿದ್ದಳು. ನಾನು ಓಡಿಸಿದರೆ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಅವಳ ಬಲಗಾಲು ನೋಯುತ್ತದಂತೆ. ಮುಂದಿನ ಸೀಟಿನಲ್ಲಿ ಅಮ್ಮ, ಮಡಿಲಲ್ಲಿ ತೆಂಗಿನಕಾಯಿ ಚೀಲ. ಹಿಂದೆ ನಾನು, ಮಗಳು. ರೇಡಿಯೋ ಕೈಗೆ ಎಟುಕುವುದು ಅಮ್ಮನಿಗೆ ಮಾತ್ರವಾದ್ದರಿಂದ ಮೊಮ್ಮಗಳು ಹಿಂದಿನಿಂದ ಆಜ್ಞೆ ಕೊಡುವುದು, ಅಜ್ಜಿ ಗುಂಡಿ ಒತ್ತುವುದು ಎಂದು ಒಪ್ಪಂದವಾಗಿತ್ತು.

ಎಫ್ಎಂನಲ್ಲಿ ಒಂದು ಹಾಡು ಬಂತು. ಮಧ್ಯೆ ಮಧ್ಯೆ ಒಂದೊಂದು ಪದ ಮಾಯ. ‘ಅಜ್ಜಿ, ಪಕ್ಕದ್ದು ಒತ್ತು’ ಎಂದಳು ಮಗಳು. ಸ್ಯಾಟಲೈಟ್ ರೇಡಿಯೋ ಬಂತು. ಅಲ್ಲೂ ಅದೇ ಹಾಡು. ಆದರೆ ಒಂದು ಪದವೂ ಮಾಯವಾಗಿರಲಿಲ್ಲ. ಹೆಂಡತಿ ಜೋರಾಗಿ ಕೆಮ್ಮಿದಳು. ಕೆಮ್ಮು ಒಂದು ಪದಕ್ಕಷ್ಟೇ ಸಾಕಾಯಿತು. ಹಾಡಿನಲ್ಲಿ ಬಹಳ ಇದ್ದವು.

‘ಅಪ್ಪ, ಅದೇ ಹಾಡು, ಅದೇ ಕಾರು, ಅದೇ ಸ್ಪೀಕರ್. ಅಲ್ಲಿ ತೂತು, ಇಲ್ಲಿ ಇಲ್ಲ. ಯಾಕೆ?’

ಇಂಥ ಪ್ರಶ್ನೆಗೆ ನಾನು ವರ್ಷಗಟ್ಟಲೆ ಕಾದಿದ್ದೆ. ಗಂಟಲು ಸರಿಮಾಡಿಕೊಂಡೆ. ‘ಎಕ್ಸಿಟ್ ಇನ್ನೂ ದೂರ ಇದೆ’ ಎಂದು ಹೆಂಡತಿ ನಿಟ್ಟುಸಿರಿಟ್ಟಳು.

‘ಅಮ್ಮ, 99.5 ಹಾಕು’ ಎಂದೆ. ನ್ಯೂಯಾರ್ಕಿನ ಡಬ್ಲ್ಯೂಬಿಎಐ ಬಂತು. ಎಲ್ಲದರ ಮೂಲ ಇದೇ ಸ್ಟೇಷನ್ನು. 1973ರ ಅಕ್ಟೋಬರ್ 30ರ ಮಧ್ಯಾಹ್ನ ಸುಮಾರು 2 ಗಂಟೆಗೆ ಇಲ್ಲಿ ಜಾರ್ಜ್ ಕಾರ್ಲಿನ್ ಎಂಬ ಹಾಸ್ಯಗಾರನ 12 ನಿಮಿಷದ ರೆಕಾರ್ಡ್ ಹಾಕಿದರು. ಗಾಳಿಯಲ್ಲಿ ಬಿಡಬಾರದ ಮಾತುಗಳು ಯಾವುವು ಎಂಬುದೇ ಅದರ ವಿಷಯ. ಮೊದಲು ಪಟ್ಟಿ ಕೊಟ್ಟು, ಆಮೇಲೆ ಅವನ್ನೇ ತಿರುಗಿಸಿ ಮುರುಗಿಸಿ ಆಡಿ ಆತ ಜನರನ್ನು ನಗಿಸುತ್ತಾನೆ. ಮಗನನ್ನು ಕೂರಿಸಿಕೊಂಡು ಕಾರಿನಲ್ಲಿ ಹೋಗುತ್ತಿದ್ದ ಅಪ್ಪನೊಬ್ಬ ಅದನ್ನು ಕೇಳಿಸಿಕೊಂಡ. ಕೆಲವು ವಾರ ಕುದ್ದು ಎಫ್‌ಸಿಸಿಗೆ ದೂರು ಬರೆದ. ಬಂದದ್ದು ಅದೊಂದೇ ದೂರು. ಸ್ಟೇಷನ್ನಿಗೆ ದಂಡವನ್ನೂ ಹಾಕಲಿಲ್ಲ, ಲೈಸೆನ್ಸ್ ಫೈಲಿನಲ್ಲಿ ಒಂದು ಕಾಗದ ಇಟ್ಟರು ಅಷ್ಟೇ. ಆ ಕಾಗದಕ್ಕಾಗಿ ಕೇಸು ಸುಪ್ರೀಂ ಕೋರ್ಟಿನವರೆಗೆ ನಡೆದು, 1978ರಲ್ಲಿ ಐದು-ನಾಲ್ಕರಲ್ಲಿ ಎಫ್‌ಸಿಸಿ ಗೆದ್ದಿತು. ರೇಡಿಯೋ ಹೇಳದೆ ಕೇಳದೆ ಮನೆಯೊಳಗೆ ಬರುತ್ತದೆ, ಓದಲು ಬಾರದ ಮಗುವಿಗೂ ಕೇಳಿಸುತ್ತದೆ, ಆದ್ದರಿಂದ ಪುಸ್ತಕ ಪತ್ರಿಕೆಗಳಿಗಿಲ್ಲದ ಕಡಿವಾಣ ಅದಕ್ಕೆ ಇರಬಹುದು ಎಂಬುದು ಜಸ್ಟಿಸ್ ಸ್ಟೀವನ್ಸ್ ಬರೆದ ತೀರ್ಪಿನ ಸಾರ.

‘ಆ ಹುಡುಗನಿಗೆ ಎಷ್ಟು ವರ್ಷ?’ ಎಂದಳು ಮಗಳು.

‘ಹದಿನೈದು.’

‘ಹದಿನೈದು ವರ್ಷದವನಿಗೆ ಆ ಮಾತೆಲ್ಲ ಗೊತ್ತಿರ್ಲಿಲ್ವಾ?’

‘ಅವನಿಗೆ ಗೊತ್ತಿತ್ತು ಪುಟ್ಟಿ. ಅವನಿಗೆ ಗೊತ್ತಿದೆ ಅಂತ ಅವರಪ್ಪನಿಗೆ ಗೊತ್ತಿರಲಿಲ್ಲ’ ಎಂದಳು ಹೆಂಡತಿ, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ.

‘ಯಾವ ಮಾತು ಅಪ್ಪ ಅದು?’

‘ನಾನು ಹೇಳಬಾರದು. ತೀರ್ಪಿನ ಕೊನೆಯಲ್ಲಿ ಅನುಬಂಧ ಅಂತ ಅಷ್ಟನ್ನೂ ಅಕ್ಷರ ಬಿಡದೆ ಅಚ್ಚು ಹಾಕಿದ್ದಾರೆ’ ಎಂದೆ. ವಿಷಯದ ಆಳ ತೋರಿಸುವ ಉತ್ಸಾಹ. ಮಗಳು ಮರುಮಾತಿಲ್ಲದೆ ಫೋನ್ ಕೈಗೆತ್ತಿಕೊಂಡಳು. ಅವಳು ಸ್ವಂತ ಇಷ್ಟದಿಂದ ಸುಪ್ರೀಂ ಕೋರ್ಟಿನ ತೀರ್ಪು ಓದಲು ಕೂತದ್ದು ಅದೇ ಮೊದಲು.

ನಾನು ಮುಂದಿನ ಗುಂಡಿಗೆ ಹೋದೆ. ಅದು ಎಚ್‌ಡಿ ರೇಡಿಯೋ. ಎಫ್ಎಂ ಸ್ಟೇಷನ್ನೊಂದು ತನ್ನದೇ ತರಂಗದ ಮಗ್ಗುಲಲ್ಲಿ ಡಿಜಿಟಲ್ ಆಗಿ ಎರಡನೇ, ಮೂರನೇ ಚಾನೆಲನ್ನೂ ಕಳಿಸುವ ವಿದ್ಯೆ. 2002ರಲ್ಲಿ ಎಫ್‌ಸಿಸಿ ಇದಕ್ಕೆ ಅನುಮತಿ ಕೊಟ್ಟಿತು. ಹೊಸ ಯಂತ್ರ ಬಂದರೆ ಹಳೇ ನಿಯಮ ಬಿದ್ದುಹೋಯಿತು ಎಂದು ಯಾರಾದರೂ ಕುಣಿಯಬಹುದಲ್ಲ, ಅವರಿಗಾಗಿ 2007ರಲ್ಲಿ ಸ್ಪಷ್ಟ ಮಾಡಿತು: ಪುಕ್ಕಟೆಯಾಗಿ ಗಾಳಿಯಲ್ಲಿ ಬರುವ ಡಿಜಿಟಲ್ ಚಾನೆಲಿಗೂ ಹಳೇ ಕಟ್ಟುಪಾಡೇ. ಅಲ್ಲೂ ರಾತ್ರಿ 10ರವರೆಗೆ ಬಾಯಿ ತೊಳೆದುಕೊಂಡೇ ಮಾತಾಡಬೇಕು.

ಸ್ಯಾಟಲೈಟ್ ಮಾತ್ರ ಬೇರೆ. 2001ರಲ್ಲಿ ಎಕ್ಸ್ಎಂ, ಮರುವರ್ಷ ಸಿರಿಯಸ್ ಎಂದು ಎರಡು ಕಂಪನಿಗಳು ಪ್ರಸಾರ ಶುರುಮಾಡಿದವು, 2008ರಲ್ಲಿ ಒಂದಾದವು. 2004ರಲ್ಲಿ ಕ್ಯಾಲಿಫೋರ್ನಿಯಾದ ಎಫ್ಎಂ ಕಂಪನಿಯೊಂದು ಎಫ್‌ಸಿಸಿಗೆ ಅರ್ಜಿ ಹಾಕಿತು. ನಮ್ಮ ಬಾಯಿಗೆ ಬೀಗ ಹಾಕಿದ್ದೀರಿ, ಅವರ ಬಾಯಿಗೂ ಹಾಕಿ ಎಂಬುದು ಅದರ ತಾತ್ಪರ್ಯ. ಎಫ್‌ಸಿಸಿ ಒಪ್ಪಲಿಲ್ಲ. ಚಂದಾ ಕಟ್ಟಿ ತರಿಸಿಕೊಳ್ಳುವ ಸೇವೆಗೆ ಅಸಭ್ಯತೆಯ ನಿಯಮ ಅನ್ವಯಿಸುವುದಿಲ್ಲ ಎಂದಿತು. 1927ರ ರೇಡಿಯೋ ಕಾನೂನಿನಿಂದ ಇಳಿದುಬಂದ ದಂಡಸಂಹಿತೆಯ ಮಾತಿನಲ್ಲಿ ಇರುವುದು ‘ರೇಡಿಯೋ ಮೂಲಕ’ ಎಂದಷ್ಟೇ. ಸ್ಯಾಟಲೈಟಿನಿಂದ ಇಳಿಯುವುದೂ ರೇಡಿಯೋ ತರಂಗವೇ. ಆದರೂ ದುಡ್ಡು ಕೊಟ್ಟವನು ಬಾಗಿಲು ತೆರೆದೇ ಕರೆದಿದ್ದಾನೆ, ಅದು ಹೇಳದೆ ಒಳಗೆ ಬಂದದ್ದಲ್ಲ ಎಂಬ ತರ್ಕದ ಮೇಲೆ ಎಲ್ಲ ನಿಂತಿದೆ. ಅಶ್ಲೀಲ ಬೇರೆ, ಅಸಭ್ಯ ಬೇರೆ ಎಂಬುದನ್ನೂ ಹೇಳಿದೆ. ಅಶ್ಲೀಲಕ್ಕೆ ಯಾವ ದಾರಿಯಲ್ಲೂ ಯಾವ ಗಂಟೆಯಲ್ಲೂ ರಿಯಾಯಿತಿ ಇಲ್ಲ. ಎರಡರ ನಡುವಿನ ಗೆರೆ ಎಲ್ಲಿ ಎಂದು ಹೆಂಡತಿ ಕೇಳಿದಳು. ಲೇನ್ ಬದಲಾಯಿಸುವಾಗ ಅಂಥ ಪ್ರಶ್ನೆ ಕೇಳಬಾರದು ಎಂದು ತಿಳಿಹೇಳಿದೆ.

ಈ ವ್ಯತ್ಯಾಸವನ್ನು ಸರಿಯಾಗಿ ಬಳಸಿಕೊಂಡವನು ಹೊವಾರ್ಡ್ ಸ್ಟರ್ನ್. ನ್ಯೂಯಾರ್ಕಿನ 92.3ರಲ್ಲಿ ಬೆಳಗಿನ ಹೊತ್ತು ಅವನು ಆಡಿದ ಮಾತಿಗೆ ರೇಡಿಯೋ ಕಂಪನಿಗಳು ಲಕ್ಷಗಟ್ಟಲೆ ಡಾಲರ್ ತೆತ್ತವು. 2004ರಲ್ಲಿ ಸಿರಿಯಸ್ ಐದು ವರ್ಷಕ್ಕೆ 50 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. 2006ರ ಜನವರಿ 9ರಿಂದ ಅವನು ಸ್ಯಾಟಲೈಟಿನಲ್ಲಿ ನಿರಾತಂಕವಾಗಿ ಬಾಯಿಬಿಟ್ಟ. ಅದೇ ವರ್ಷದ ಜೂನ್‌ನಲ್ಲಿ ಸರ್ಕಾರ ದಂಡದ ಮಿತಿಯನ್ನು ಒಂದು ತಪ್ಪಿಗೆ 32,500 ಡಾಲರಿನಿಂದ ಹತ್ತುಪಟ್ಟು, ಅಂದರೆ 3,25,000ಕ್ಕೆ ಏರಿಸಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಾನು ಗಾದೆ ಸೇರಿಸಿ, ಭಾಷಣದ ಮುಂದಿನ ಅಧ್ಯಾಯಕ್ಕೆ ಉಸಿರೆಳೆದುಕೊಂಡೆ.

ಅಷ್ಟರಲ್ಲಿ ಅಮ್ಮ ಬಾಯಿ ಹಾಕಿದಳು.

‘ಅರ್ಥ ಆಯ್ತು ಬಿಡೋ. ನಮ್ಮೂರಿಗೆ ನಲ್ಲಿ ಬಂದಾಗ ಇದೇ ರಾಮಾಯಣ. ಬಾವಿ ನೀರು ಮಡಿ. ನಲ್ಲಿ ಒಳಗೆ ಚರ್ಮದ ವಾಷರ್ ಇರತ್ತೆ ಅಂತ ನಲ್ಲಿ ನೀರು ಮೈಲಿಗೆ. ನಮ್ಮಜ್ಜಿ ನಲ್ಲಿ ನೀರಲ್ಲಿ ಪಾತ್ರೆ ತೊಳೀತಿದ್ರು, ದೇವರ ಅಡಿಗೆಗೆ ಮುಟ್ತಿರ್ಲಿಲ್ಲ. ಆಮೇಲೆ ವಾಷರ್ ರಬ್ಬರಿಂದು ಬಂತು. ಅಜ್ಜಿಗೆ ಯಾರೂ ಹೇಳ್ಲಿಲ್ಲ. ಅವರು ಇರೋವರೆಗೂ ಬಾವೀನೇ. ನೀರು ಅದೇ ಕಣೋ, ಬಂದ ದಾರಿ ಬೇರೆ.’

ಕಾರಿನಲ್ಲಿ ಎಲ್ಲರಿಗೂ ಕೂಡಲೇ ಅರ್ಥವಾಯಿತು. ಐವತ್ತು ವರ್ಷದ ಕಾನೂನಿನ ಇತಿಹಾಸವನ್ನು ಅಮ್ಮ ವಾಷರ್ ಒಂದರಲ್ಲಿ ಮುಗಿಸಿದ್ದಳು.

‘ಆದ್ರೆ ಅತ್ತೆ, ಇಲ್ಲಿ ಪುಕ್ಕಟೆ ಬಂದಿದ್ದಕ್ಕೆ ಮಡಿ. ದುಡ್ಡು ಕೊಟ್ಟು ತರಿಸ್ಕೊಂಡ್ರೆ ಮಡಿ ಬೇಡ’ ಎಂದಳು ಹೆಂಡತಿ.

‘ದುಡ್ಡು ಕೊಟ್ಟವರ ಮೈಲಿಗೆಗೆ ಯಾವ ಕಾಲದಲ್ಲಿ ಯಾರು ಏನಂದಿದ್ದಾರಮ್ಮ?’ ಎಂದಳು ಅಮ್ಮ. ಸುಪ್ರೀಂ ಕೋರ್ಟಿನಲ್ಲಿ ಒಂದು ಜಾಗ ಖಾಲಿಯಾದರೆ ಈಕೆಯ ಹೆಸರು ಹೇಳೋಣ ಎನ್ನಿಸಿತು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ‘ಬೆಂಗಳೂರಲ್ಲಿದ್ದಾಗ ನೀನೂ ಒಂದು ದುಡ್ಡು ಕಟ್ಟೋ ರೇಡಿಯೋ ತಂದಿದ್ಯಲ್ಲ?’ ಎಂದಳು. ವರ್ಲ್ಡ್‌ಸ್ಪೇಸ್! ಏಷ್ಯಾಸ್ಟಾರ್ ಉಪಗ್ರಹದಿಂದ ಬರುತ್ತಿತ್ತು, ಕನ್ನಡಕ್ಕೆಂದೇ ಒಂದು ಚಾನೆಲ್ ಇತ್ತು. ಇಲ್ಲಿಯ ಎಕ್ಸ್ಎಂ ಹುಟ್ಟುವಾಗ ಅದರಲ್ಲಿ ವರ್ಲ್ಡ್‌ಸ್ಪೇಸಿನ ದುಡ್ಡೂ ಇತ್ತು. 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಅದರ ಸೇವೆ ನಿಂತಿತು. ನಮ್ಮ ಮನೆಯಲ್ಲಿ ಮೊದಲೇ ನಿಂತಿತ್ತು. ಅದರ ಆಂಟೆನಾ ಪೂರ್ವದ ಕಡೆ ಆಕಾಶ ನೋಡುತ್ತ ಇರಬೇಕು. ನಮ್ಮ ಮನೆಯ ಪೂರ್ವದ ಕಿಟಕಿಯಲ್ಲಿ ಬೆಳಗಿನ ಬಿಸಿಲಿಗೆ ಸಂಡಿಗೆ ಒಣಗಬೇಕು. ತರಂಗಕ್ಕೂ ಸಂಡಿಗೆಗೂ ಜಗಳ ಬಿದ್ದರೆ ಯಾರು ಗೆಲ್ಲುತ್ತಾರೆಂದು ಕನ್ನಡಿಗರಿಗೆ ಹೇಳಬೇಕಿಲ್ಲ. ಆಕಾಶದಿಂದ ಬಂದ ಹಾಡೆಲ್ಲ ಅರಳು ಸಂಡಿಗೆಗೆ ತಾಗಿ ವಾಪಸು ಹೋಯಿತು.

ಮಗಳು ತೀರ್ಪಿನಿಂದ ತಲೆ ಎತ್ತಿ, ‘ಈ ಕಾರಿನ ಸ್ಯಾಟಲೈಟ್ ಚಂದಾ ಯಾರು ಕಟ್ಟೋದು?’ ಎಂದಳು. ಹೆಂಡತಿಯ ಕಾರ್ಡಿನಿಂದ ಹೋಗುತ್ತದೆ. ‘ಹಾಗಾದ್ರೆ ಎಫ್‌ಸಿಸಿ ಲೆಕ್ಕದಲ್ಲಿ ಡಿಸೈಡ್ ಮಾಡೋದು ಅಮ್ಮ, ನೀನಲ್ಲ.’ ನಾನು ಸುಮ್ಮನಿರಬಹುದಿತ್ತು. ಆದರೆ ಕುಟುಂಬದ ಶೀಲರಕ್ಷಣೆಯಲ್ಲಿ ನನ್ನ ಪಾತ್ರವನ್ನೂ ದಾಖಲಿಸಬೇಕಿತ್ತು. ಬಾಯಿಬಿಚ್ಚಿ ಮಾತಾಡುವ ಚಾನೆಲ್‌ಗಳ ಹೆಸರಿನ ಪಕ್ಕ ‘ಎಕ್ಸ್ಎಲ್’ ಎಂದಿರುತ್ತದೆ. ಅಮ್ಮ ಅದನ್ನು ಅಂಗಿಯ ಅಳತೆ ಎಂದುಕೊಂಡಿದ್ದಾಳೆ. ಅವಕ್ಕೆಲ್ಲ ನಾನೇ ನಂಬರ್ ಹಾಕಿ ಲಾಕ್ ಮಾಡಿದ್ದೇನೆ ಎಂದೆ.

‘ಹೌದು. ಆ ಲಾಕು ನ್ಯೂಸ್ ಚಾನೆಲ್‌ಗೂ ಬಿದ್ದು, ನಿಂಗೆ ನಂಬರ್ ಮರೆತುಹೋಗಿ, ನಾನೇ ತೆಗೆದುಕೊಟ್ಟಿದ್ದು’ ಎಂದಳು ಮಗಳು.

‘ನಂಬರ್ ಹೇಗೆ ಗೊತ್ತಾಯ್ತು?’

‘ನಿನ್ನ ಎಲ್ಲ ಪಾಸ್‌ವರ್ಡೂ ಅದೇ ಅಲ್ವಾ ಅಪ್ಪ.’

ಹೆಂಡತಿಯ ಭುಜ ಕುಲುಕುವುದು ಹಿಂದಿನಿಂದ ಕಾಣುತ್ತಿತ್ತು. ಅದೃಷ್ಟಕ್ಕೆ ದೇವಸ್ಥಾನ ಬಂತು. ಬಾಲಾಜಿಯ ಮುಂದೆ ನಿಂತು, ಮನೆಯಲ್ಲಿ ನನ್ನ ಮಾತು ನಡೆಯುವಂತೆ ಮಾಡಪ್ಪ ಎಂದು ಕೇಳಿಕೊಂಡೆ. ಅವನೂ ಸಂಸಾರಿ. ಮಂದಹಾಸ ಬಿಟ್ಟು ಬೇರೇನೂ ಭರವಸೆ ಕೊಡಲಿಲ್ಲ.

ಪುಳಿಯೋಗರೆ, ಮೊಸರನ್ನ ತಿಂದು ವಾಪಸು ಹೊರಟಾಗ ಟ್ರಾಫಿಕ್ ಜಾಮ್. ಬಿಟ್ಟ ಭಾಷಣ ಹಿಡಿಯಲು ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ? ಸ್ಯಾಟಲೈಟ್ ರೇಡಿಯೋದ ಹೊಸದರಲ್ಲಿ ಜಾಮ್ ಆದರೆ ಏನಾಗುತ್ತಿತ್ತು ಎಂಬುದನ್ನೇ ಹೇಳಿದೆ. ಆಗಿನ ಹಳೇ ಕಾರುಗಳಿಗೆ ಸ್ಯಾಟಲೈಟ್ ರಿಸೀವರನ್ನು ಹೊರಗಿನಿಂದ ಕೂರಿಸುತ್ತಿದ್ದರು. ರಿಸೀವರಿನಿಂದ ಕಾರಿನ ರೇಡಿಯೋಗೆ ಹಾಡು ದಾಟಿಸಲು ಅದರೊಳಗೇ ಒಂದು ಪುಟಾಣಿ ಎಫ್ಎಂ ಟ್ರಾನ್ಸ್‌ಮಿಟರ್. ಲೈಸೆನ್ಸ್ ಇಲ್ಲದ ಇಂಥ ಸಾಧನದ ತರಂಗ 3 ಮೀಟರ್ ದೂರದಲ್ಲಿ ಮೀಟರಿಗೆ 250 ಮೈಕ್ರೋವೋಲ್ಟ್ ಮೀರಬಾರದೆಂದು ನಿಯಮ. ಕೆಲವು ಮೀರಿದವು. ಎಫ್ಎಂ ಪಟ್ಟಿಯ ಕೆಳತುದಿಯಲ್ಲಿ, 88ರ ಆಸುಪಾಸಿನಲ್ಲಿ, ಅಮೆರಿಕದ ಸಾರ್ವಜನಿಕ ರೇಡಿಯೋ, ಕ್ರೈಸ್ತ ಪ್ರವಚನದ ಸ್ಟೇಷನ್‌ಗಳು ಹೆಚ್ಚು. ಪ್ರವಚನ ಕೇಳುತ್ತ ಹೋಗುತ್ತಿದ್ದ ಭಕ್ತರ ಕಾರಿಗೆ ಪಕ್ಕದ ಕಾರಿನಿಂದ ಇದ್ದಕ್ಕಿದ್ದಂತೆ ಹೊವಾರ್ಡ್ ಸ್ಟರ್ನ್ ನುಗ್ಗುತ್ತಾನೆ ಎಂದು ದೂರುಗಳು ಬಂದವು. 2006ರಲ್ಲಿ ಎಫ್‌ಸಿಸಿ ಮಧ್ಯೆ ಬಂದ ಮೇಲೆ ಕಂಪನಿಗಳು ಸಾಧನಗಳನ್ನು ತಿದ್ದಬೇಕಾಯಿತು. ತಪ್ಪು ಎಂದು ಹಿಡಿದದ್ದು ತರಂಗದ ಬಲವನ್ನು. ಸ್ಟರ್ನ್ ಏನೆಂದ ಎಂಬುದನ್ನಲ್ಲ.

‘ಪಕ್ಕದ ಮನೆಯವರ ನಲ್ಲಿ ಸೋರಿದ ಹಾಗೆ’ ಎಂದಳು ಅಮ್ಮ, ತನ್ನ ಶಾಸ್ತ್ರ ಬಿಟ್ಟುಕೊಡದೆ.

‘ಅಪ್ಪ, ನಿನ್ನ ಹಳೇ ಕಾರಿನ ಲೈಟರ್ ತೂತಲ್ಲಿ ಸಿಕ್ಕಿಸ್ತೀಯಲ್ಲ, ಅದೂ ಎಫ್ಎಂ ಟ್ರಾನ್ಸ್‌ಮಿಟರ್ ತಾನೆ? ಹಾಗಾದ್ರೆ ನೀನೇ ಒಂದು ಸ್ಟೇಷನ್!’

ನನಗೆ ರೋಮಾಂಚನವಾಯಿತು. ಇಷ್ಟು ವರ್ಷ ದಿನವೂ ಪ್ರಸಾರ ಮಾಡಿಕೊಂಡೇ ಆಫೀಸಿಗೆ ಹೋಗಿದ್ದೇನೆ. ಕೇಳುಗ ಒಬ್ಬನೇ, ಅವನೂ ನಾನೇ. ನನ್ನ ಭಾಷಣಗಳಿಗಿರುವ ಕೇಳುಗರ ಸಂಖ್ಯೆಗೆ ಹೋಲಿಸಿದರೆ ಅದು ಕಡಿಮೆಯೇನಲ್ಲ.

ಉಳಿದದ್ದು ಕೊನೆಯ ಗುಂಡಿ, ಬ್ಲೂಟೂತ್. ಫೋನಿನಿಂದ ಬರುವುದೆಲ್ಲ ಇಂಟರ್ನೆಟ್ಟಿನ ಪಾಲು. 1997ರಲ್ಲಿ ಸುಪ್ರೀಂ ಕೋರ್ಟು, ಇಂಟರ್ನೆಟ್ಟು ರೇಡಿಯೋದ ಹಾಗೆ ಹೇಳದೆ ಬಂದು ಬೀಳುವುದಿಲ್ಲ, ಹುಡುಕಿಕೊಂಡು ಹೋದವರಿಗಷ್ಟೇ ಸಿಗುತ್ತದೆ ಎಂದು ಅಸಭ್ಯತೆಯ ನಿಷೇಧವನ್ನು ಅಲ್ಲಿಂದ ಕಿತ್ತುಹಾಕಿತು. ಆದ್ದರಿಂದ ಪಾಡ್‌ಕಾಸ್ಟಿಗೆ ಹಗಲೂ ರಾತ್ರಿಯೇ. ಅದೇ ಎಫ್ಎಂ ಸ್ಟೇಷನ್ನಿನ ಅದೇ ಮಾತು ಗಾಳಿಯಲ್ಲಿ ಬಂದರೆ ಎಫ್‌ಸಿಸಿಗೆ ಕಿವಿ ಉಂಟು, ಆಪ್‌ನಲ್ಲಿ ಬಂದರೆ ಕಿವುಡು. ‘ಹುಡುಕಿಕೊಂಡು ಹೋಗದೆ ಏನೂ ಬಂದು ಬೀಳಲ್ಲ’ ಎಂದು ನಾನು ಒತ್ತಿ ಹೇಳುತ್ತಿದ್ದೆ. ಜಾಮ್ ತಪ್ಪಿಸುವ ದಾರಿ ಹುಡುಕಲು ಮಗಳು ನನ್ನ ಫೋನ್ ತೆಗೆದುಕೊಂಡಿದ್ದಳು. ಮ್ಯಾಪಿನ ಮೇಲೆ ವಾಟ್ಸಾಪಿನ ವಾಯ್ಸ್ ಮೆಸೇಜೊಂದು ಬಂದು ಕೂತಿತು. ಅವಳ ಬೆರಳು ತಾಗಿತು.

ಮಂಡ್ಯದ ಗೆಳೆಯ. ಒಂದನೇ ಕ್ಲಾಸಿನಿಂದ ಜೊತೆಗೆ ಓದಿದವನು. ಕಾರಿನ ಎಂಟೂ ಸ್ಪೀಕರಿನಲ್ಲಿ ಸ್ಪಷ್ಟವಾಗಿ ಬಂದ. ಬೀಪ್‌ಗಳು ನನ್ನವು:

‘ಲೋ ಬೀಪ್, ಅಮೆರಿಕಕ್ಕೋಗಿ ದೊಡ್ಡ ಬೀಪ್ ಆಗೋದ್ಯೇನ್ಲಾ? ಫೋನ್ ಎತ್ತಕ್ಕೆ ಏನ್ಲಾ ದಾಡಿ, ಬೀಪ್ ಬೀಪ್? ಅವ್ವ ಬಂದವ್ರಂತಲ್ಲ, ಉಸಾರಾಗವ್ರಾ? ನಾನ್ ಕೇಳ್ದೆ ಅಂತ ಯೋಳು ಕಣ್ಲಾ ಬೀಪ್.’

ಎಫ್‌ಸಿಸಿಯ ಅಳತೆಗೋಲಿನಲ್ಲಿ ಆಯಾ ಕಾಲದ ಸಮುದಾಯಕ್ಕೆ ಕಣ್ಣಿಗೆ ರಾಚುವಷ್ಟು ಅಸಹ್ಯವೆನಿಸಬೇಕು ಎಂದೊಂದು ಮಾತಿದೆ. ನಮ್ಮ ಕಾರಿನ ಸಮುದಾಯ ಉಸಿರು ಬಿಗಿಹಿಡಿದಿತ್ತು. ನಾನು ಕೂಡಲೇ ಡಿಫೆನ್ಸ್ ಶುರುಮಾಡಿದೆ. 2003ರ ಗೋಲ್ಡನ್ ಗ್ಲೋಬ್ ಸಮಾರಂಭದಲ್ಲಿ ಬೋನೋ ಎಂಬ ಹಾಡುಗಾರ ಖುಷಿಯ ಭರದಲ್ಲಿ ಅಂಥದೊಂದು ಪದ ಆಡಿದ. ಖುಷಿಗೆ ಆಡಿದ್ದು, ತಪ್ಪಲ್ಲ ಎಂದರು ಎಫ್‌ಸಿಸಿಯ ಕೆಳಗಿನ ಅಧಿಕಾರಿಗಳು. ಮರುವರ್ಷ ಮೇಲಿನವರು ತಪ್ಪೇ ಎಂದರು. ನಮ್ಮವನದ್ದು ಖುಷಿಯೂ ಅಲ್ಲ, ವಿಶ್ವಾಸ. ಅದೂ ಅಲ್ಲದೆ ನಮಗೆ ಮಧ್ಯಾಹ್ನ 12 ಗಂಟೆ 40 ನಿಮಿಷ, ಮಂಡ್ಯದಲ್ಲಿ ರಾತ್ರಿ 10 ಗಂಟೆ 10 ನಿಮಿಷ. ಅವನು ಸೇಫ್ ಹಾರ್ಬರಿನಲ್ಲೇ ಕೂತು ಮಾತಾಡಿದ್ದಾನೆ!

‘ರೀ, ಸ್ವಲ್ಪ ಸುಮ್ನಿರ್ತೀರಾ?’ ಎಂದಳು ಹೆಂಡತಿ.

ಅಮ್ಮ ನಿಧಾನವಾಗಿ ಹಿಂದೆ ತಿರುಗಿದಳು. ‘ಯಾರೋ ಅದು? ನಮ್ಮನೆಗೆ ಬಂದು ಮಸಾಲೆ ದೋಸೆಗೆ ಲೆಕ್ಕಾನೇ ಇಡ್ತಿರ್ಲಿಲ್ಲ, ಆ ಹುಡುಗನಾ?’

‘ಹೂಂ.’

‘ಹಾಕು ಫೋನು.’

ಒಬ್ಬರಿಗೊಬ್ಬರು ಮಾಡುವ ಫೋನ್ ಕರೆ ಪ್ರಸಾರವಲ್ಲ, ಅದಕ್ಕೆ ಚಂದಾ ಲೆಕ್ಕವಾಗಲಿ ಟೈಮ್‌ಟೇಬಲ್ಲಾಗಲಿ ಇಲ್ಲ ಎಂದು ನಾನು ವಿವರಿಸುವಷ್ಟರಲ್ಲಿ ಅವನು ಎತ್ತಿಯೂ ಆಗಿತ್ತು. ಅಮ್ಮ ಶುರುಮಾಡಿದಳು. ಮಡಿಯುಟ್ಟು ತುಳಸಿ ಸುತ್ತುವ ಹೆಂಗಸಿನ ಬಾಯಲ್ಲಿ ಅಷ್ಟು ದೊಡ್ಡ ಶಬ್ದಭಂಡಾರ ಇದೆಯೆಂದು ನನಗೂ ತಿಳಿದಿರಲಿಲ್ಲ. ಹಳ್ಳಿಯ ಕೆರೆ ಏರಿಯಿಂದ ಹಿಡಿದು ಅವನ ತಾತ ಮುತ್ತಾತನವರೆಗೆ ಯಾರನ್ನೂ ಬಿಡಲಿಲ್ಲ. ಆ ಕಡೆಯಿಂದ ‘ಊಂ ಕಣವ್ವ, ಆಯ್ತು ಕಣವ್ವ’ ಎಂಬ ಕ್ಷೀಣ ಸ್ವರ. ಕೊನೆಗೆ, ‘ಊಟ ಆಯ್ತೇನೋ? ಸರಿ, ಮಲಗು’ ಎಂದು ಫೋನ್ ಇಟ್ಟು ತೆಂಗಿನಕಾಯಿ ಚೀಲ ಸರಿಮಾಡಿಕೊಂಡಳು. ಹೆಂಡತಿ ಅಷ್ಟರಲ್ಲಿ ನಾಲ್ಕೂ ಕಿಟಕಿಯ ಗಾಜು ಏರಿಸಿದ್ದಳು. ಪಕ್ಕದ ಲೇನಿನಲ್ಲಿ ಕರ್ನಾಟಕದವರಿದ್ದರೆ ಎಂಬ ಮುಂಜಾಗ್ರತೆ.

ಮಗಳು ಬಹಳ ಹೊತ್ತು ಏನನ್ನೋ ಟೈಪ್ ಮಾಡಿಕೊಂಡಳು. ಆಮೇಲೆ ವಿನಯದಿಂದ ಕೇಳಿದಳು:

‘ಅಜ್ಜಿ, ಕೆರೆ ಏರಿ ಆದಮೇಲೆ ಮೂರನೇದಾಗಿ ಒಂದು ಅಂದ್ಯಲ್ಲ, ಅದರ ಅರ್ಥ ಏನು?’

‘ನಿಮ್ಮಪ್ಪನ್ನ ಕೇಳು ಪುಟ್ಟಿ’ ಎಂದಳು ಅಮ್ಮ. ‘ಅವನಿಗೆ ಕಾನೂನು ಗೊತ್ತು.’